ಪತಾಕಾಸ್ಥಾನಕವೂ ನಾಟಕೀಯ ವ್ಯಂಗ್ಯವೂ ಒಂದೆಯೇ?

ನೇಪಥ್ಯ (ಶಿರಾ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಕನ್ನಡ ಎಂ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ತಿಂಗಳು ನಡೆದ ಒಂದು ಕಿರುಪರೀಕ್ಷೆಯಲ್ಲಿ, ನಾಟಕೀಯ ವ್ಯಂಗ್ಯಕ್ಕೆ (ಇಂಗ್ಲಿಷಿನ 'ಡ್ರಮ್ಯಾಟಿಕ್ ಐರನಿ') ಭಾರತೀಯ ನಾಟ್ಯಮೀಮಾಂಸೆಯಲ್ಲಿ ಸಮಾನವಾದ ಪರಿಭಾಷೆ ಯಾವುದೆಂಬ ಪ್ರಶ್ನೆ ಬಂದಿತ್ತು. ನಾನು 'ಪತಾಕಾಸ್ಥಾನಕ' ಎಂದು ಬರೆದು, ನಾಟಕದ ಪಾತ್ರಕ್ಕೆ ತಿಳಿಯದ ಸಂಗತಿ ಪ್ರೇಕ್ಷಕನಿಗೆ ತಿಳಿದಿರುವುದೇ ಪತಾಕಾಸ್ಥಾನಕವೆಂದು ವಿವರಿಸಿದೆ. ಉತ್ತರಪತ್ರಿಕೆ ಮರಳಿ ಬಂದಾಗ ಆ ಪುಟದ ಮೇಲೆ ಕೆಂಪು ಶಾಯಿಯ ಗೆರೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅಂಕ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಎಲ್ಲಿ ತಪ್ಪಿದೆನೆಂದು ಯಾರೂ ಹೇಳಲಿಲ್ಲವೆಂಬುದೇ ಕೊರೆಯುತ್ತಿದೆ.

ಈ ವಿಷಯ ನನಗೆ ಕೇವಲ ಪರೀಕ್ಷೆಯ ವಿಷಯವೂ ಅಲ್ಲ. ನಮ್ಮೂರಿನಲ್ಲಿ ಜಾತ್ರೆಯ ಕಾಲಕ್ಕೆ ಕುರುಕ್ಷೇತ್ರ ನಾಟಕ ಆಡುತ್ತಾರೆ, ನಮ್ಮ ತಂದೆ ಬಹಳ ವರ್ಷಗಳಿಂದ ಅದರಲ್ಲಿ ದುರ್ಯೋಧನನ ಪಾರ್ಟು ಮಾಡುತ್ತಾ ಬಂದಿದ್ದಾರೆ. ಆಸ್ಥಾನದ ದೃಶ್ಯದಲ್ಲಿ ಪಾಂಡವರ ಹೆಸರು ಬಂದಾಗಲೆಲ್ಲ ಅವರು ತೊಡೆ ತಟ್ಟಿ ಪದ್ಯ ಎತ್ತುತ್ತಾರೆ. ಆ ತೊಡೆಯೇ ಕೊನೆಗೆ ಮುರಿಯುವುದೆಂದು ಮುಂದೆ ಕುಳಿತ ಮಕ್ಕಳಿಗೂ ಗೊತ್ತಿರುತ್ತದೆ, ಪಾತ್ರಕ್ಕೆ ಮಾತ್ರ ಗೊತ್ತಿರುವುದಿಲ್ಲ. ನಾನು ಉತ್ತರ ಬರೆಯುವಾಗ ನನ್ನ ಕಣ್ಣ ಮುಂದಿದ್ದದ್ದು ಆ ದೃಶ್ಯವೇ. ಅದನ್ನು ಶಾಸ್ತ್ರದಲ್ಲಿ ಯಾವ ಹೆಸರಿನಿಂದ ಕರೆಯಬೇಕು?

ಇದರ ಜೊತೆಗೆ ಇನ್ನೊಂದು ಸಣ್ಣ ಸಂದೇಹ. ಸ್ವಗತ, ಜನಾಂತಿಕ, ಅಪವಾರಿತ ಎಂಬ ಮೂರನ್ನೂ ನಮ್ಮ ಟಿಪ್ಪಣಿಯಲ್ಲಿ 'ಪಕ್ಕಕ್ಕೆ ತಿರುಗಿ ಆಡುವ ಮಾತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಇವುಗಳ ನಡುವೆ ನಿಜವಾಗಿ ಭೇದವಿದೆಯೇ?

ಗಡಿನಾಡು (ಕೋಲಾರ) ಉತ್ತರಿಸಿದ್ದು:

ನಿಮ್ಮ ಉತ್ತರ ಪೂರ್ತಿ ತಪ್ಪಲ್ಲ, ಆದರೆ ನೀವು ಕೊಟ್ಟ ಲಕ್ಷಣ ಪತಾಕಾಸ್ಥಾನಕದ್ದಲ್ಲ. ಹೆಸರು ಒಂದರದು, ವಿವರಣೆ ಇನ್ನೊಂದರದು, ಅಂದರೆ ನಾಟಕೀಯ ವ್ಯಂಗ್ಯದ್ದು. ಮೂವತ್ತು ವರ್ಷ ಕನ್ನಡ ಮೇಷ್ಟರಾಗಿದ್ದವನು ನಾನು. ಈ ಎರಡನ್ನೂ ಒಂದೇ ಎಂದು ಹೇಳಿಕೊಡುವ ಪಾಠವನ್ನು ಎಷ್ಟೋ ಸಲ ಕೇಳಿದ್ದೇನೆ. ಮೊದಲ ಕೆಲವು ವರ್ಷ ನಾನೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ಅನುಮತಿ ಇರಲಿ.

ಭರತನ ನಾಟ್ಯಶಾಸ್ತ್ರದ ಲಕ್ಷಣವನ್ನು ಕನ್ನಡದಲ್ಲಿ ಹೇಳುವುದಾದರೆ, ಒಂದು ಅರ್ಥವನ್ನು ಚಿಂತಿಸುತ್ತಿರುವಾಗ ಅದೇ ಲಕ್ಷಣವುಳ್ಳ ಇನ್ನೊಂದು ಅರ್ಥವು ಆಕಸ್ಮಿಕವಾಗಿ ಬಂದು ಕೂಡಿಕೊಂಡರೆ ಅದು ಪತಾಕಾಸ್ಥಾನಕ. ಇಲ್ಲಿ ಪ್ರೇಕ್ಷಕನಿಗೆ ಏನು ಗೊತ್ತು, ಪಾತ್ರಕ್ಕೆ ಏನು ಗೊತ್ತಿಲ್ಲ ಎಂಬ ಮಾತೇ ಇಲ್ಲವೆಂಬುದನ್ನು ಗಮನಿಸಿ. ಲಕ್ಷಣ ನಿಂತಿರುವುದು ಮಾತಿನ ಮೇಲೆ ಮತ್ತು ಘಟನೆಯ ಮೇಲೆ: ಅನಿರೀಕ್ಷಿತವಾಗಿ ಬಂದೊದಗುವುದು, ಸಮಾನ ಲಕ್ಷಣದಿಂದ ಹೊಂದಿಕೊಳ್ಳುವುದು, ಮುಂದಾಗುವುದನ್ನು ಸೂಚಿಸುವುದು. ಭರತನು ಇದರಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತಾನೆ. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಅದನ್ನು ಎರಡಕ್ಕೆ ಇಳಿಸಿ, ಸನ್ನಿವೇಶ ಸಮಾನವಾಗಿರುವುದು ಒಂದು, ವಿಶೇಷಣ ಸಮಾನವಾಗಿರುವುದು ಇನ್ನೊಂದು ಎನ್ನುತ್ತಾನೆ. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಮತ್ತೆ ನಾಲ್ಕೂ ಉದಾಹರಣೆಗಳ ಸಮೇತ ಬರುತ್ತವೆ. ಸಂಖ್ಯೆಯ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಉದಾಹರಣೆಗಳನ್ನು ಹಿಡಿದರೆ ಸಾಕು.

ನಿಮ್ಮ ತಂದೆಯವರು ದುರ್ಯೋಧನನಾಗುವುದರಿಂದ ಭಟ್ಟನಾರಾಯಣನ ವೇಣೀಸಂಹಾರದ ಎರಡನೆಯ ಅಂಕವನ್ನೇ ತೆಗೆದುಕೊಳ್ಳುತ್ತೇನೆ. ಯುದ್ಧ ನಡೆಯುತ್ತಿದೆ. ದುರ್ಯೋಧನ ಅಂತಃಪುರದ ಉದ್ಯಾನದಲ್ಲಿ ರಾಣಿ ಭಾನುಮತಿಯೊಡನೆ ಇದ್ದಾನೆ. ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದು ಇಬ್ಬರೂ ಆಸರೆಗೆ ಸರಿಯುತ್ತಾರೆ. ಕುಳಿತುಕೊಳ್ಳಲು ನಿನಗೆ ನನ್ನ ತೊಡೆಗಳೆರಡೇ ಸಾಕಲ್ಲವೇ ಎಂದು ಅವನು ಸರಸದಿಂದ ಶ್ಲೋಕ ಮುಗಿಸುತ್ತಾನೆ. ಶ್ಲೋಕದ ಕೊನೆಯ ಪದ 'ಮಮೋರುಯುಗ್ಮಮ್', ಅಂದರೆ ನನ್ನ ತೊಡೆಯ ಜೋಡಿ. ಆ ಪದ ಬಾಯಿಂದ ಹೊರಬಿದ್ದ ಕ್ಷಣವೇ ಕಂಚುಕಿ, ಎಂದರೆ ಅಂತಃಪುರದ ಹಿರಿಯ ಸೇವಕ, ಗಾಬರಿಯಿಂದ ಓಡಿಬಂದು 'ದೇವ, ಭಗ್ನಂ ಭಗ್ನಮ್' ಎನ್ನುತ್ತಾನೆ: ಪ್ರಭು, ಮುರಿಯಿತು, ಮುರಿಯಿತು. ಯಾರಿಂದ ಎಂದರೆ 'ಭೀಮೇನ'. ಯಾರದು ಎಂದರೆ 'ಭವತಃ', ತಮ್ಮದು. ಏನು ಬಡಬಡಿಸುತ್ತೀಯೆ ಎಂದು ರಾಜ ಗದರಿದ ಮೇಲಷ್ಟೇ, ಭೀಮವಾದ ಗಾಳಿಯಿಂದ, ಎಂದರೆ ಭಯಂಕರವಾದ ಗಾಳಿಯಿಂದ, ತಮ್ಮ ರಥದ ಬಾವುಟ ಮುರಿದುಬಿತ್ತೆಂದು ಅವನು ವಾಕ್ಯವನ್ನು ಪೂರ್ತಿಮಾಡುತ್ತಾನೆ.

ಇದು ಪತಾಕಾಸ್ಥಾನಕ. ದುರ್ಯೋಧನನ ಅರ್ಧ ವಾಕ್ಯಕ್ಕೆ ಕಂಚುಕಿಯ ಅರ್ಧ ವಾಕ್ಯ ಅಂಟಿಕೊಂಡು, ಇಬ್ಬರೂ ಉದ್ದೇಶಿಸದ ಮೂರನೆಯ ವಾಕ್ಯವೊಂದು ರಂಗದ ಮೇಲೆ ಹುಟ್ಟುತ್ತದೆ: ನನ್ನ ತೊಡೆ ಭೀಮನಿಂದ ಮುರಿಯಿತು. ಈ ಬಗೆಯ ಅಡ್ಡಮಾತಿಗೆ ವೀಥಿ ಎಂಬ ನಾಟಕಪ್ರಕಾರದ ಅಂಗಗಳಲ್ಲಿ 'ಗಂಡ' ಎಂಬ ಹೆಸರೂ ಇದೆ. ಮುರಿದದ್ದು ಬಾವುಟ, ಅಂದರೆ ಪತಾಕೆಯೇ, ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಪರಿಭಾಷೆಗೂ ಆ ಬಾವುಟಕ್ಕೂ ಸಂಬಂಧವಿಲ್ಲ, ಅದು ಕಾಕತಾಳೀಯ. ಆದರೂ ಒಮ್ಮೆ ಓದಿದ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ.

ಅದೇ ನಾಟಕದ ಪ್ರಸ್ತಾವನೆಯಲ್ಲಿ ವಿಶೇಷಣ ಸಮಾನವಾಗಿರುವ ಬಗೆ ಸಿಗುತ್ತದೆ. ಸೂತ್ರಧಾರ ಕೌರವರಿಗೆ ಶುಭ ಹಾರೈಸುತ್ತ, ಅವರು 'ರಕ್ತಪ್ರಸಾಧಿತಭುವಃ', 'ಕ್ಷತವಿಗ್ರಹಾಃ', 'ಸ್ವಸ್ಥಾಃ' ಆಗಲಿ ಎನ್ನುತ್ತಾನೆ. ಅನುರಕ್ತರಿಂದ ಭೂಮಿಯನ್ನು ಅಲಂಕರಿಸಿಕೊಂಡವರು, ಕಲಹ ತೀರಿದವರು, ನೆಮ್ಮದಿಯಾಗಿರುವವರು ಎಂಬುದು ಅವನ ಅರ್ಥ. ರಕ್ತದಿಂದ ನೆಲವನ್ನು ಸಿಂಗರಿಸಿದವರು, ದೇಹ ಗಾಯಗೊಂಡವರು, ಸ್ವರ್ಗದಲ್ಲಿ ಇರುವವರು ಎಂಬುದು ಶ್ಲೇಷೆಯಿಂದ ಹೊರಡುವ ಇನ್ನೊಂದು ಅರ್ಥ. ತೆರೆಯ ಹಿಂದಿನಿಂದ ಭೀಮ ಮೊದಲ ಅರ್ಥವನ್ನೇ ಕೇಳಿಸಿಕೊಂಡು, ನಾನು ಬದುಕಿರುವಾಗ ಕೌರವರು ನೆಮ್ಮದಿಯಾಗಿರುವುದೇ ಎಂದು ಗರ್ಜಿಸುತ್ತಾನೆ. ನಾಟಕ ಶುರುವಾಗುವುದು ಆ ಗರ್ಜನೆಯಿಂದ.

ಇನ್ನು ನೀವು ವಿವರಿಸಿದ ವಸ್ತುವಿಗೆ, ಅಂದರೆ ಪ್ರೇಕ್ಷಕನ ತಿಳಿವಿಗೂ ಪಾತ್ರದ ತಿಳಿವಿಗೂ ನಡುವಿನ ಅಂತರಕ್ಕೆ, ಶಾಕುಂತಲದ ಐದನೆಯ ಅಂಕಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ನಾಲ್ಕನೆಯ ಅಂಕದ ಮೊದಲಲ್ಲಿ ಬರುವ ವಿಷ್ಕಂಭವೆಂಬ ಕಿರುದೃಶ್ಯದಲ್ಲಿ, ನೀನು ನೆನೆಯುತ್ತಿರುವವನು ನಿನ್ನನ್ನು ಮರೆಯಲಿ ಎಂಬ ದೂರ್ವಾಸನ ಶಾಪ ನೇಪಥ್ಯದಿಂದ ಕೇಳಿಸುತ್ತದೆ. ಅದನ್ನು ಕೇಳಿದವರು ಅನಸೂಯೆ, ಪ್ರಿಯಂವದೆ ಮತ್ತು ನಾವು. ಸಖಿಯರಿಬ್ಬರೂ ಅದನ್ನು ಶಕುಂತಲೆಗೆ ಹೇಳದಿರಲು ನಿಶ್ಚಯಿಸುತ್ತಾರೆ. ಮುಂದೆ ಆಸ್ಥಾನದಲ್ಲಿ ಶಕುಂತಲೆಗೆ ಶಾಪ ಗೊತ್ತಿಲ್ಲ, ದುಷ್ಯಂತನಿಗೂ ಗೊತ್ತಿಲ್ಲ. ಇಬ್ಬರೂ ತಮತಮಗೆ ತಿಳಿದಷ್ಟರ ಮಟ್ಟಿಗೆ ಸತ್ಯವನ್ನೇ ನುಡಿಯುತ್ತ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ನಂಬುತ್ತಾರೆ. ಆ ಅಂಕದ ಆರಂಭದಲ್ಲಿ ದುಷ್ಯಂತನ ರಾಣಿ ಹಂಸಪದಿಕೆ ಒಳಗಿನಿಂದ ಹಾಡುತ್ತಾಳೆ: ಮಾವಿನ ಹೂಗೊಂಚಲನ್ನು ಮುತ್ತಿಟ್ಟು ಮರೆತ ದುಂಬಿಯ ಹಾಡು. ಮರೆತವನೇ ಅದನ್ನು ಕೇಳಿ, ತನಗೇಕೆ ಕಾರಣವಿಲ್ಲದ ಕಳವಳವೆಂದು ಅಚ್ಚರಿಪಡುತ್ತಾನೆ. ಅಲ್ಲಿ ಪತಾಕಾಸ್ಥಾನಕದ ಆಕಸ್ಮಿಕತೆ ಇಲ್ಲ. ತಿಳಿವಿನ ಅಂತರ ಮಾತ್ರ ಅಂಕದುದ್ದಕ್ಕೂ ನಮ್ಮನ್ನು ಹಿಂಡುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನ ಹರ್ಷನ ರತ್ನಾವಳಿಯಲ್ಲಿದೆ. ಮೊಗ್ಗು ತುಂಬಿದ ಬಳ್ಳಿಯನ್ನು ಉದಯನ ರಾಜ ಶ್ಲೇಷೆಯಿಂದ ವರ್ಣಿಸುತ್ತ, ಮತ್ತೊಬ್ಬ ಹೆಣ್ಣನ್ನು ನೋಡುವಂತೆ ಇದನ್ನು ನೋಡಿ ಇವತ್ತು ದೇವಿಯ, ಎಂದರೆ ತನ್ನ ರಾಣಿಯ, ಮುಖ ಕೋಪದಿಂದ ಕೆಂಪಾಗುವಂತೆ ಮಾಡುತ್ತೇನೆಂದು ವಿನೋದಕ್ಕೆ ಹೇಳುತ್ತಾನೆ. ಮುಂದೆ ನಿಜವಾಗಿಯೇ ಮತ್ತೊಬ್ಬ ಹೆಣ್ಣಿನಿಂದ ದೇವಿಯ ಮುಖ ಕೆಂಪಾಗುತ್ತದೆ. ಆ ಮಾತು ಆಡಿದಾಗ ರಾಜನಿಗೂ ಅದು ತಿಳಿದಿಲ್ಲ, ಕಥೆ ಗೊತ್ತಿಲ್ಲದ ಪ್ರೇಕ್ಷಕನಿಗೂ ತಿಳಿದಿಲ್ಲ. ತಿಳಿವಿನ ಅಂತರವಿಲ್ಲದೆಯೂ ಅದು ಪತಾಕಾಸ್ಥಾನಕವೇ.

ಆದ್ದರಿಂದ ಎರಡೂ ಒಂದನ್ನೊಂದು ಭಾಗಶಃ ಆವರಿಸುವ ವೃತ್ತಗಳು. ವೇಣೀಸಂಹಾರದ ಕಂಚುಕಿ ಎರಡೂ ಸೇರುವ ಜಾಗದಲ್ಲಿ ನಿಂತಿದ್ದಾನೆ, ಏಕೆಂದರೆ ಮಹಾಭಾರತದ ಕಥೆ ಎಲ್ಲರಿಗೂ ಗೊತ್ತು. ನಿಮ್ಮ ತಂದೆಯವರು ತಟ್ಟುವ ತೊಡೆ ನಾಟಕೀಯ ವ್ಯಂಗ್ಯದ ಕಡೆಗೆ ಬರುತ್ತದೆ. ತಟ್ಟಿದ ಕ್ಷಣದಲ್ಲಿ ಯಾರಾದರೂ ಓಡಿಬಂದು 'ಮುರಿಯಿತು' ಎಂದರೆ ಆಗ ಅದು ಪತಾಕಾಸ್ಥಾನಕವಾಗುತ್ತದೆ.

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಬೀಜ, ಬಿಂದು, ಪತಾಕಾ, ಪ್ರಕರೀ, ಕಾರ್ಯ ಎಂಬ ಐದು ಅರ್ಥಪ್ರಕೃತಿಗಳಲ್ಲಿ, ಅಂದರೆ ಕಥಾವಸ್ತುವಿನ ಅಂಶಗಳಲ್ಲಿ, ಬರುವ 'ಪತಾಕಾ' ಬೇರೆ. ಅದು ರಾಮನ ಕಥೆಯಲ್ಲಿ ಸುಗ್ರೀವನ ವೃತ್ತಾಂತದಂತೆ ಮುಖ್ಯ ಕಥೆಗೆ ನೆರವಾಗುತ್ತ ದೂರದವರೆಗೆ ಸಾಗುವ ಉಪಕಥೆ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸುವವರೇ ಹೆಚ್ಚು.

ಕಂದಪದ್ಯ (ಚಿಕ್ಕನಾಯಕನಹಳ್ಳಿ ತಾಲ್ಲೂಕು) ಉತ್ತರಿಸಿದ್ದು:

ಮೇಲಿನವರು ಶಾಸ್ತ್ರವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಹಳ್ಳಿಯ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿ ಪದ್ಯ ಕಲಿಸುವವನು. ಎರಡನೆಯ ಸಂದೇಹವನ್ನು ರಂಗದ ಮೇಲಿಂದ ನೋಡಿದರೆ ಬೇಗ ಬಗೆಹರಿಯುತ್ತದೆ ಎಂದುಕೊಂಡಿದ್ದೇನೆ.

ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತು ಯಾರ ಕಿವಿಗೆ? ಎಲ್ಲರೂ ಕೇಳಬಹುದಾದದ್ದು ಪ್ರಕಾಶ. ರಂಗದ ಮೇಲಿನ ಯಾರೂ ಕೇಳಬಾರದ್ದು ಸ್ವಗತ, ಅದಕ್ಕೆ ಆತ್ಮಗತವೆಂದೂ ಹೆಸರು. ಕೆಲವರು ಮಾತ್ರ ಕೇಳಬೇಕಾದದ್ದು ಎರಡು ಬಗೆ. ಹಲವರ ನಡುವೆ ಇಬ್ಬರು ಕೈಮರೆ ಮಾಡಿಕೊಂಡು ಮಾತಾಡಿಕೊಂಡರೆ ಜನಾಂತಿಕ. ಆಗ ಹಿಡಿಯುವ ಕೈ ತ್ರಿಪತಾಕ, ಅಂದರೆ ಉಳಿದ ಬೆರಳುಗಳನ್ನು ನೆಟ್ಟಗೆ ಚಾಚಿ ಉಂಗುರದ ಬೆರಳನ್ನು ಮಾತ್ರ ಮಡಿಸಿದ ಹಸ್ತ. ಪಾತ್ರ ಮೈ ತಿರುಗಿಸಿ ಒಬ್ಬರಿಗೆ ಮಾತ್ರ ಗುಟ್ಟು ಹೇಳಿದರೆ ಅಪವಾರಿತ. ಇದಲ್ಲದೆ ಆಕಾಶಭಾಷಿತ ಎಂಬುದೊಂದಿದೆ. ಎದುರಿಗೆ ಯಾರೂ ಇಲ್ಲದಿದ್ದರೂ 'ಏನೆನ್ನುತ್ತೀಯೆ?' ಎಂದು ತಾನೇ ಕೇಳಿ ತಾನೇ ಉತ್ತರವನ್ನು ಅನುವಾದಿಸುವುದು ಅದರ ಕ್ರಮ. ಒಬ್ಬನೇ ನಟ ಆಡುವ ಭಾಣವೆಂಬ ನಾಟಕಪ್ರಕಾರ ಪೂರ್ತಿ ಅದರ ಮೇಲೆಯೇ ನಡೆಯುತ್ತದೆ.

ಶಾಕುಂತಲದ ಮೊದಲ ಅಂಕದಲ್ಲಿ ಇವು ಎಷ್ಟು ಒತ್ತೊತ್ತಾಗಿ ಬರುತ್ತವೆ ನೋಡಿ. ದುಷ್ಯಂತ ಬಂದು ಕುಳಿತಿದ್ದಾನೆ. ಗಂಭೀರವಾದ ರೂಪ, ಸಿಹಿಯಾದ ಮಾತು, ಇವನು ಯಾರಿರಬಹುದೆಂದು ಸಖಿಯರು ತಮ್ಮತಮ್ಮಲ್ಲೇ ಆಡಿಕೊಳ್ಳುವುದು ಜನಾಂತಿಕ. ನನಗೂ ಅದೇ ಕುತೂಹಲ, ಕೇಳಿಯೇಬಿಡುತ್ತೇನೆಂದು ಅನಸೂಯೆ ಹೊರಟಾಗ ಪ್ರಕಾಶ. ಅಷ್ಟರಲ್ಲಿ ಶಕುಂತಲೆ ತನ್ನ ಎದೆಗೆ ತಾನೇ, ಹೃದಯವೇ, ತಳಮಳಿಸಬೇಡ, ನೀನು ನೆನೆದದ್ದನ್ನೇ ಅನಸೂಯೆ ಕೇಳುತ್ತಿದ್ದಾಳೆ ಎನ್ನುವುದು ಆತ್ಮಗತ. ನಾಲ್ಕು ಜನ ಒಂದು ಮರದ ನೆರಳಿನಲ್ಲಿ ಕುಳಿತಿದ್ದಾರೆ, ಒಂದೊಂದು ಮಾತಿಗೂ ಬೇರೆ ಬೇರೆ ಕಿವಿಗಳು ತೆರೆದು ಮುಚ್ಚುತ್ತವೆ. ಇದನ್ನೆಲ್ಲ 'ಪಕ್ಕಕ್ಕೆ ತಿರುಗಿ ಆಡುವ ಮಾತು' ಎಂದರೆ ನಟನಿಗೆ ಯಾವ ಕಡೆ ತಿರುಗಬೇಕೆಂದೇ ತಿಳಿಯುವುದಿಲ್ಲ.

ಹತ್ತಿರ ನಿಂತವನ ಮಾತು ಹತ್ತಿರದವನಿಗೇ ಕೇಳಿಸದಿರುವುದು ಅಸಹಜವಲ್ಲವೇ ಎಂದು ಹೊಸಬರು ಕೇಳುತ್ತಾರೆ. ಅದು ಲೋಕದ ನಡೆಯಾದ ಲೋಕಧರ್ಮಿಯಲ್ಲ, ರಂಗದ ಕಟ್ಟಳೆಯಾದ ನಾಟ್ಯಧರ್ಮಿ ಎಂದು ಭರತನೇ ಹೇಳಿದ್ದಾನೆ. ಹ್ಯಾಮ್ಲೆಟ್ ಒಬ್ಬನೇ ನಿಂತು ಇರಬೇಕೋ ಇಲ್ಲವಾಗಬೇಕೋ ಎಂದು ಯೋಚಿಸುವಂಥ ಏಕಾಂತದ ದೀರ್ಘ ಭಾಷಣವನ್ನೂ ನಾವು ಸ್ವಗತವೆಂದೇ ಕರೆಯುತ್ತೇವೆ. ಆದರೆ ಸಂಸ್ಕೃತ ನಾಟಕದ ಸ್ವಗತ ಬಹುಪಾಲು ಬೇರೆಯವರ ಎದುರಿಗೇ ಆಡುವ ಚುಟುಕು ಮಾತು. ಇದೊಂದನ್ನು ನೆನಪಿಟ್ಟುಕೊಂಡರೆ ಹೋಲಿಕೆ ಮಾಡುವಾಗ ಎಡವುವುದಿಲ್ಲ.

ನಮ್ಮ ಕುರುಕ್ಷೇತ್ರದಲ್ಲಿ ಕೈಮರೆಯ ತ್ರಿಪತಾಕವಿಲ್ಲ. ಶಕುನಿಯ ಪಾರ್ಟಿನವನು ಎರಡು ಹೆಜ್ಜೆ ಮುಂದೆ ಬಂದು ಜನರ ಕಡೆ ಮುಖ ಮಾಡುತ್ತಾನೆ, ನಾನು ಹಾರ್ಮೋನಿಯಂನ ಶ್ರುತಿಯನ್ನು ತಗ್ಗಿಸುತ್ತೇನೆ, ಅಷ್ಟು ಹೊತ್ತು ದುರ್ಯೋಧನ ಮೀಸೆ ತೀಡುತ್ತ ಕಿವುಡನಾಗುತ್ತಾನೆ. ಹೆಸರು ಗೊತ್ತಿಲ್ಲದಿದ್ದರೂ ನಾವು ಮಾಡುತ್ತಿರುವುದು ಅದನ್ನೇ.

ಈಗ ಒಂದು ತೊಡಕನ್ನು ಮುಂದಿಡುತ್ತೇನೆ. 'ಭೀಮೇನ' ಎಂಬ ಮಾತು ಸಂಸ್ಕೃತದಲ್ಲಿ ವ್ಯಕ್ತಿಗೂ ಗಾಳಿಗೂ ಒಂದೇ ರೂಪ. ಕನ್ನಡದಲ್ಲಿ 'ಭೀಮನಿಂದ' ಎಂದರೆ ಮನುಷ್ಯನೇ. ಗಾಳಿಯಾದರೆ '-ದಿಂದ' ಆಗಬೇಕು. ವಿಭಕ್ತಿ ಹಚ್ಚಿದ ಕೂಡಲೇ ಲಿಂಗ ಬಯಲಾಗಿ ಶ್ಲೇಷೆ ಸಾಯುತ್ತದೆ. ನಾನಾದರೆ ಕಂಚುಕಿಗೆ ಏದುಸಿರು ಹಚ್ಚುತ್ತೇನೆ. ಯಾರಿಂದ ಎಂದಾಗ 'ಭೀಮ...' ಎಂದು ಉಸಿರು ಕಟ್ಟಿ ನಿಲ್ಲಬೇಕು. ರಾಜ ಎದ್ದು ನಿಂತ ಮೇಲೆ 'ಭೀಮಮಾರುತದಿಂದ, ಪ್ರಭು' ಎಂದು ಸಮಾಸ ಮುಗಿಯಬೇಕು. ಶ್ಲೇಷೆ ಮಾಡಬೇಕಾದ ಕೆಲಸವನ್ನು ಉಸಿರು ಮಾಡುತ್ತದೆ.

ನೇಪಥ್ಯ (ಶಿರಾ):

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ವರ್ಷಗಳ ತರಗತಿಯಲ್ಲಿ ದೊರೆಯದ ಸ್ಪಷ್ಟತೆ ಈ ಎರಡು ಉತ್ತರಗಳಲ್ಲಿ ದೊರೆಯಿತು. ಉಸಿರಿನ ಉಪಾಯವನ್ನು ಓದಿದ ಮೇಲೆ ಭವಭೂತಿಯ ಉತ್ತರರಾಮಚರಿತದ ಮೊದಲ ಅಂಕ ನೆನಪಾಯಿತು. ಸೀತೆ ರಾಮನಿಗೆ ಒರಗಿ ನಿದ್ದೆಹೋಗಿದ್ದಾಳೆ. ಇವಳದು ಯಾವುದು ತಾನೆ ಪ್ರಿಯವಲ್ಲ, ಸಹಿಸಲಾಗದ್ದೆಂದರೆ ಇವಳ ವಿರಹವೊಂದೇ ಎಂದು ರಾಮ ಶ್ಲೋಕ ಮುಗಿಸುತ್ತಲೇ ಬಾಗಿಲು ಕಾಯುವ ಪ್ರತೀಹಾರಿ ಬಂದು, ದೇವ, ಬಂದಿದ್ದಾನೆ ಎನ್ನುತ್ತಾಳೆ. ಯಾರು ಎಂದರೆ ದುರ್ಮುಖ. ಸೀತೆಯ ಮೇಲಿನ ಲೋಕಾಪವಾದವನ್ನು ಹೊತ್ತುತಂದ ಚಾರ. ಇದೂ ಅದೇ ಜಾತಿಗೆ ಸೇರುತ್ತದೆಯೇ? ಸೇರುವುದಾದರೆ ಇಲ್ಲಿಯೂ ಕನ್ನಡದಲ್ಲಿ ಲಿಂಗದ ತೊಡಕು ಬರುತ್ತದೆಯಲ್ಲವೇ? ಸಂಸ್ಕೃತದ 'ಉಪಸ್ಥಿತಃ' ಎಂಬುದು ವಿರಹಕ್ಕೂ ಹೊಂದುತ್ತದೆ, ದುರ್ಮುಖನಿಗೂ ಹೊಂದುತ್ತದೆ. ನಮ್ಮಲ್ಲಿ ವಿರಹ 'ಬಂದಿದೆ', ದುರ್ಮುಖ 'ಬಂದಿದ್ದಾನೆ'.

ಕಂದಪದ್ಯ (ಚಿಕ್ಕನಾಯಕನಹಳ್ಳಿ ತಾಲ್ಲೂಕು):

'ಬಂದಾಯಿತು, ಪ್ರಭು' ಎನ್ನಿಸಿ. ವಿರಹವೂ ಬಂದಾಯಿತು, ದುರ್ಮುಖನೂ ಬಂದಾಯಿತು. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಯಾರಿಗೂ ಅಸಹಜವೆನಿಸುವುದಿಲ್ಲ.

ಹಳೆಯ ಪುಟ (ಚಿಂತಾಮಣಿ) ಉತ್ತರಿಸಿದ್ದು:

ಚರ್ಚೆ ಬಹಳ ಬೆಲೆಯುಳ್ಳದ್ದಾಗಿದೆ. 'ಬಂದಾಯಿತು' ಎಂಬ ಪರಿಹಾರವನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಆದರೆ ಎಲ್ಲರೂ ಪ್ರಶ್ನಿಸದೆ ಒಪ್ಪಿಕೊಂಡಿರುವ ಒಂದು ಪದದ ಬಗ್ಗೆ ನನಗೆ ಆಕ್ಷೇಪವಿದೆ. ಪದ 'ನಾಟಕೀಯ ವ್ಯಂಗ್ಯ'. ನೇಪಥ್ಯ ಅವರ ಗೊಂದಲಕ್ಕೆ ಅರ್ಧ ಕಾರಣ ಆ ಪದವೇ ಎಂದು ನನ್ನ ನಂಬಿಕೆ.

ವ್ಯಂಗ್ಯವೆಂಬುದು ಕಾವ್ಯಮೀಮಾಂಸೆಯಲ್ಲಿ ಬಹಳ ಗೌರವದ ಪದ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ವಾಚ್ಯಾರ್ಥವನ್ನು ಮೀರಿ ಹೊಳೆಯುವ ಅರ್ಥಕ್ಕೆ ಕೊಟ್ಟ ಹೆಸರು ಅದು. ರಸವೂ ಅವನ ದೃಷ್ಟಿಯಲ್ಲಿ ವ್ಯಂಗ್ಯವೇ. ಇವತ್ತಿನ ಆಡುಗನ್ನಡದಲ್ಲಿ ವ್ಯಂಗ್ಯವೆಂದರೆ ಕೊಂಕು, ಚುಚ್ಚುಮಾತು. ದುಷ್ಯಂತನ ಆಸ್ಥಾನದಲ್ಲಿ ನಡೆಯುವುದು ಇವೆರಡರಲ್ಲಿ ಯಾವುದೂ ಅಲ್ಲ. ಅಲ್ಲಿ ಯಾರೂ ಯಾರನ್ನೂ ಚುಚ್ಚಲೆಂದು ಇಬ್ಬಗೆಯಾಗಿ ನುಡಿಯುತ್ತಿಲ್ಲ, ಮಾತಿನ ಪದರದೊಳಗಿಂದ ಧ್ವನಿ ಹೊಳೆಯಿತೆಂಬುದೂ ಮುಖ್ಯವಲ್ಲ. ತಿಳಿವಿನ ಎರಡು ಮಟ್ಟಗಳು ಒಂದೇ ರಂಗದ ಮೇಲೆ ಇವೆ, ಅಷ್ಟೆ. ಒಂದೇ ಪದ ಮೂರು ಹೊರೆ ಹೊತ್ತರೆ ವಿದ್ಯಾರ್ಥಿ ಎಲ್ಲಿಯಾದರೂ ಕುಸಿಯಲೇಬೇಕು. ನನ್ನ ಬರವಣಿಗೆಯಲ್ಲಿ ನಾನು 'ತಿಳಿವಿನ ವಿಪರ್ಯಾಸ' ಎಂದು ಬಳಸುತ್ತೇನೆ. ಇನ್ನೂ ಒಳ್ಳೆಯ ಪದವಿದ್ದರೆ ಸಂತೋಷದಿಂದ ಸ್ವೀಕರಿಸುತ್ತೇನೆ.

ಈ ಪರಿಕಲ್ಪನೆ ಅರಿಸ್ಟಾಟಲನದೆಂದು ಹಲವರು ಬರೆಯುವುದೂ ತಪ್ಪು. ಅವನು ತನ್ನ ಕಾವ್ಯಮೀಮಾಂಸೆಯಲ್ಲಿ (ಪೊಯೆಟಿಕ್ಸ್) ಹೇಳುವುದು ಸ್ಥಿತಿವಿಪರ್ಯಯ, ಎಂದರೆ ಸ್ಥಿತಿ ತಲೆಕೆಳಗಾಗುವುದು, ಮತ್ತು ಅಭಿಜ್ಞಾನ, ಎಂದರೆ ಗುರುತು ಹತ್ತುವುದು, ಇವೆರಡನ್ನು. ಗ್ರೀಕ್ ನಾಟಕಕಾರ ಸಾಫೊಕ್ಲಿಸನ ನಾಟಕದಲ್ಲಿ ಕೊರಿಂಥದಿಂದ ಬಂದ ದೂತ ಈಡಿಪಸ್ ರಾಜನ ಭಯವನ್ನು ಕಳೆಯುವ ಸಂತಸದಿಂದ ಬಾಯ್ತೆರೆದು ಅದಕ್ಕೆ ತೀರ ವಿರುದ್ಧವಾದ ಫಲವನ್ನು ತರುತ್ತಾನೆಂಬುದು ಅವನದೇ ಉದಾಹರಣೆ. ಗ್ರೀಕ್ ನಾಟಕದ ಈ ಇಮ್ಮಡಿ ತಿಳಿವಿಗೆ ಪ್ರತ್ಯೇಕ ಹೆಸರಿಟ್ಟು ಚರ್ಚಿಸುವ ಪದ್ಧತಿ ಬಲಗೊಂಡದ್ದು ಕಾನಪ್ ಥರ್ಲ್‌ವಾಲ್ ಎಂಬ ಇಂಗ್ಲಿಷ್ ವಿದ್ವಾಂಸ 1833ರಲ್ಲಿ ಸಾಫೊಕ್ಲಿಸನ ಕುರಿತು ಬರೆದ ಪ್ರಬಂಧದಿಂದ. ವಸ್ತು ಮಾತ್ರ ಬಹಳ ಹಳೆಯದು. ಸತ್ತ ರಾಜನ ಕೊಲೆಗಾರನನ್ನು ಹುಡುಕಿಸುವೆನೆಂದು ಶಪಥ ಮಾಡುವಾಗ ಈಡಿಪಸ್, ಸತ್ತ ಆ ರಾಜ ನನ್ನ ಸ್ವಂತ ತಂದೆಯೇ ಆಗಿದ್ದರೆ ಹೇಗೋ ಹಾಗೆ ಹೋರಾಡುವೆನೆನ್ನುತ್ತಾನೆ. ಉಪಮೆಯೆಂದು ಅವನು ಆಡಿದ್ದು ಅಕ್ಷರಶಃ ಸತ್ಯವಾಗಿದೆ. ನಿಮ್ಮ ತಂದೆಯವರು ತೊಡೆ ತಟ್ಟುವುದು ಈ ಸಾಲಿಗೇ ಸೇರುತ್ತದೆ.

ಉತ್ತರರಾಮಚರಿತದ ದುರ್ಮುಖನಿಗೆ ಸರಿಜೋಡಿ ಬೇಕೆಂದರೆ ಮ್ಯಾಕ್‌ಬೆತ್ ತೆಗೆಯಿರಿ. ನಮ್ಮ ಮುಳಬಾಗಿಲಿನ ಡಿ.ವಿ.ಜಿ. ಅವರೇ ಅದನ್ನು ಕನ್ನಡಕ್ಕೆ ತಂದಿದ್ದಾರೆ. ದ್ರೋಹ ಬಗೆದ ಒಬ್ಬ ಸರದಾರನನ್ನು ನೆನೆದು ಡಂಕನ್ ದೊರೆ, ಮುಖ ನೋಡಿ ಮನಸ್ಸನ್ನು ತಿಳಿಯುವ ವಿದ್ಯೆ ಇಲ್ಲ, ಅವನ ಮೇಲೆ ನಾನು ಪೂರ್ತಿ ವಿಶ್ವಾಸವಿಟ್ಟಿದ್ದೆ ಎನ್ನುತ್ತಾನೆ. ವಾಕ್ಯ ಮುಗಿಯುವಷ್ಟರಲ್ಲಿ ಮ್ಯಾಕ್‌ಬೆತ್ ಪ್ರವೇಶಿಸುತ್ತಾನೆ. ಭವಭೂತಿಯ ಪ್ರತೀಹಾರಿ ಒಂದು ಮಾತಾಡಬೇಕಾಯಿತು. ಇಲ್ಲಿ ಪ್ರವೇಶವೇ ಮಾತು. ಷೇಕ್ಸ್‌ಪಿಯರನಿಗೆ ಪತಾಕಾಸ್ಥಾನಕವೆಂಬ ಹೆಸರು ಗೊತ್ತಿರಲಿಲ್ಲ, ಆದರೆ ಭರತನ ಲಕ್ಷಣ ಆ ಪ್ರವೇಶಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಪಶ್ಚಿಮದ ಪರಿಭಾಷೆಗೆ ನಮ್ಮಲ್ಲಿ ಸಮಾನಪದ ಹುಡುಕುವುದನ್ನೇ ನಮ್ಮ ಪ್ರಶ್ನೆಪತ್ರಿಕೆಗಳು ಅಭ್ಯಾಸಮಾಡಿಕೊಂಡಿವೆ. ನಮ್ಮ ಪರಿಭಾಷೆಯನ್ನು ಹಿಡಿದು ಅವರ ನಾಟಕವನ್ನು ಓದಿಸುವ ಪ್ರಶ್ನೆ ಏಕೆ ಬರಬಾರದು?

ಗಡಿನಾಡು (ಕೋಲಾರ):

ಆಕ್ಷೇಪ ನ್ಯಾಯವಾದದ್ದು, ಒಪ್ಪುತ್ತೇನೆ. 'ತಿಳಿವಿನ ವಿಪರ್ಯಾಸ' ಕಿವಿಗೂ ಹಿತವಾಗಿದೆ. ಆದರೆ ಪರೀಕ್ಷೆಯಲ್ಲಿ ಮುದ್ರಿತ ಪ್ರಶ್ನೆ 'ನಾಟಕೀಯ ವ್ಯಂಗ್ಯ' ಎಂದೇ ಬರುತ್ತದೆ, ಆದ್ದರಿಂದ ವಿದ್ಯಾರ್ಥಿಗಳು ಎರಡೂ ಹೆಸರನ್ನು ಬರೆಯುವುದು ಕ್ಷೇಮ. ಇಂಥ ಪದಗಳ ಒಳಹೊರಗನ್ನು ಕನ್ನಡದಲ್ಲಿ ಶುದ್ಧವಾಗಿ ತೂಗಿ ಕೊಟ್ಟವರೆಂದರೆ ತೀ.ನಂ. ಶ್ರೀಕಂಠಯ್ಯನವರು. ಅವರ ಭಾರತೀಯ ಕಾವ್ಯಮೀಮಾಂಸೆ 1953ರಲ್ಲಿ ಬಂದಿತು. ಅವರ ತೀರ್ಥಪುರ ಇರುವುದು ಕಂದಪದ್ಯ ಅವರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲೇ ಎಂಬುದನ್ನು ಸಂತೋಷಕ್ಕಾಗಿ ಹೇಳುತ್ತಿದ್ದೇನೆ. ವ್ಯಂಗ್ಯವೆಂಬ ಪದದ ಶಾಸ್ತ್ರೀಯ ಅರ್ಥಕ್ಕೆ ನೇಪಥ್ಯ ಅವರು ಆ ಗ್ರಂಥದ ಧ್ವನಿಪ್ರಕರಣವನ್ನು ನಿಧಾನವಾಗಿ ಓದಲಿ.

ದುರ್ಯೋಧನನ ವಿಷಯ ಬಂದಿರುವುದರಿಂದ ಇನ್ನೊಂದು ಮಾತು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರು ರನ್ನನ ಗದಾಯುದ್ಧವನ್ನು 1926ರಲ್ಲಿ ನಾಟಕವಾಗಿ ಹೊಂದಿಸಿದರು. ರನ್ನನ ಮೇಲೆ ವೇಣೀಸಂಹಾರದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿದಾಗ ಬರುವ ಕಂದದ ಕೊನೆಯ ಸಾಲು ನಿಮಗೆಲ್ಲ ಬಾಯಿಪಾಠವಿರುತ್ತದೆ: 'ನೀರೊಳಗಿರ್ದುಂ ಬೆಮರ್ತನುರಗಪತಾಕಂ'. ನೀರಿನಲ್ಲಿದ್ದೂ ಬೆವರಿದನೆಂಬುದು ಮೇಲ್ನೋಟಕ್ಕೆ ವಿರೋಧ, ಒಳಗೆ ರೋಷದ ಕುದಿತ; ವಿರೋಧಾಭಾಸಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಉದಾಹರಣೆಯನ್ನು ನಾನು ಕಂಡಿಲ್ಲ. ಅಲ್ಲಿ ರನ್ನ ಅವನನ್ನು ಕರೆದಿರುವ ಹೆಸರನ್ನೂ ನೋಡಿ: ಉರಗಪತಾಕ, ಹಾವಿನ ಬಾವುಟದವನು. ಭಟ್ಟನಾರಾಯಣ ಮುರಿಸಿದ ಬಾವುಟವನ್ನು ರನ್ನ ಹೆಸರಿನಲ್ಲಿ ಇನ್ನೂ ನೆಟ್ಟಗೆ ನಿಲ್ಲಿಸಿದ್ದಾನೆ. ಹಾಗೆ ನಿಲ್ಲಿಸಿದ್ದರಿಂದಲೇ ಆ ಬೆವರು ನಮಗೆ ಅಷ್ಟು ತಟ್ಟುತ್ತದೆ ಎಂದು ನನ್ನ ಅನಿಸಿಕೆ.

ನೇಪಥ್ಯ (ಶಿರಾ):

ನಿನ್ನೆ ರಾತ್ರಿ ಊರಿಗೆ ಹೋಗಿದ್ದೆ. ಊಟವಾದ ಮೇಲೆ ತಂದೆಯವರಿಗೆ ವೇಣೀಸಂಹಾರದ ಆ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿದೆ. 'ಮುರಿಯಿತು, ಮುರಿಯಿತು' ಎಂಬಲ್ಲಿಗೆ ಬಂದಾಗ ಅವರ ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ತಟ್ಟಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಕಂಚುಕಿಯ ಪಾರ್ಟನ್ನು ಹೊಸ ಹುಡುಗರಿಗೆ ಕೊಡಬಾರದು, ಎರಡೇ ಮಾತಾದರೂ ಹಳಬನಿಗೇ ಕೊಡಬೇಕು, ಬೇಗ ಹೇಳಿದರೂ ಕೆಡುತ್ತದೆ, ತಡವಾದರೂ ಕೆಡುತ್ತದೆ ಎಂದರು. ಆಮೇಲೆ, 'ಭೀಮ...' ಎಂದು ನಿಂತ ಮೇಲೆ ರಾಜನಾದವನು ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಕಂದಪದ್ಯ ಅವರು ಹೇಳಬಲ್ಲರೇ?

ಕಂದಪದ್ಯ (ಚಿಕ್ಕನಾಯಕನಹಳ್ಳಿ ತಾಲ್ಲೂಕು):

ನಮ್ಮ ಕುರುಕ್ಷೇತ್ರದಲ್ಲಿ ಆ ಕಂಚುಕಿಗೆ ಜಾಗವಿಲ್ಲ. ಆದರೂ ನಿಮ್ಮ ತಂದೆಯವರು ಆ ದೃಶ್ಯವನ್ನು ಒಂದು ಸಲ ಪ್ರತ್ಯೇಕವಾಗಿ ಆಡಿ ನೋಡುವುದಾದರೆ ಹೀಗೆ ಮಾಡಲಿ: ಹಾರ್ಮೋನಿಯಂ ನಿಲ್ಲಬಾರದು, ಒಂದೇ ಸ್ವರ ಹಿಡಿದಿರಬೇಕು. ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ ಯಾರಾದರೊಬ್ಬರು ಪಕ್ಕದವರ ಮುಖ ನೋಡುವವರೆಗೆ ರಾಜ ಕಾಯಬೇಕು. ನೋಡಿದ ಕೂಡಲೇ ಎದ್ದು 'ಏನು ಬಡಬಡಿಸುತ್ತೀಯೆ' ಎಂದುಬಿಡಲಿ.